ಅಮ್ಮನ ಹಿಡಿಯಕ್ಕಿ ಡಬ್ಬ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ದೂರವಾಣಿ ಮಾಡಿದ್ದಳು. ಹೆಸರು ಬೇಡ, ಇದನ್ನು ಓದುವವರಲ್ಲಿ ಅವಳ ಸಹಪಾಠಿಗಳೂ ಇದ್ದಾರೆ. ಗಂಡನ ಕೆಲಸ ಹೋಗಿ ನಾಲ್ಕು ತಿಂಗಳಾಯಿತಂತೆ. ಮನೆಸಾಲದ ಕಂತು, ಇಬ್ಬರು ಮಕ್ಕಳ ಶಾಲೆಯ ಶುಲ್ಕ, ಅತ್ತೆಯವರ ಔಷಧಿ ಎಲ್ಲವೂ ಅವಳೊಬ್ಬಳ ಸಂಬಳದ ಮೇಲೆ ಬಿದ್ದಿವೆ. ಅವಳ ಕಂಪೆನಿಯಲ್ಲಿಯೂ ಯಾರ ಕುರ್ಚಿ ಎಂದು ಹೋಗುವುದೋ ತಿಳಿಯದು. ಇಷ್ಟನ್ನೂ ಹೇಳಿದ ಮೇಲೆ, ಸ್ವಲ್ಪ ತಡೆದು ಕೇಳಿದಳು: "ಸರ್, ದಶಮಾಂಶ ಕೊಡುವುದನ್ನು ನಿಲ್ಲಿಸಿದರೆ ಪಾಪವೇ?" ಕಷ್ಟಕಾಲದಲ್ಲಿ ಕೈ ಹಿಡಿದವರಿಗೆ ಆಶೀರ್ವಾದದ ಬಾಗಿಲು ಮುಚ್ಚುತ್ತದೆ, ಧೈರ್ಯವಾಗಿ ಕೊಟ್ಟವರಿಗೆ ಎರಡರಷ್ಟಾಗಿ ಹಿಂದಿರುಗುತ್ತದೆ ಎಂದು ಯಾರೋ ಬೋಧಕರು ಹೇಳಿದ್ದು ಅವಳ ನಿದ್ದೆ ಕೆಡಿಸಿತ್ತು.

"ಯೋಚಿಸಿ ಹೇಳುತ್ತೇನಮ್ಮಾ" ಎಂದೆ. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನನಗೆ ನೆನಪಾದದ್ದು ಯಾವ ಪ್ರಸಂಗವೂ ಅಲ್ಲ, ನನ್ನ ಅಮ್ಮನ ಅಕ್ಕಿಯ ಡಬ್ಬ.

ನಮ್ಮ ಕರಾವಳಿಯ ಪ್ರೊಟೆಸ್ಟೆಂಟ್ ಸಭೆಯ ಮನೆಗಳಲ್ಲಿ ಹಿಡಿಯಕ್ಕಿಯ ಪದ್ಧತಿ ಇದ್ದುದನ್ನು ನನ್ನ ವಯಸ್ಸಿನ ಬಂಧುಗಳು ಬಲ್ಲರು. ಗಂಜಿಗೆ ಅಕ್ಕಿ ಅಳೆದು ತೊಳೆಯುವ ಮೊದಲು ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುವುದು. ಸ್ತ್ರೀ ಸಂಘದವರು ಕಾಲಕಾಲಕ್ಕೆ ಬಂದು ಅದನ್ನು ಒಟ್ಟುಮಾಡಿ ಒಯ್ಯುತ್ತಿದ್ದರು. ಕೈಯಲ್ಲಿ ಹಣ ಕಾಣದ ಹೆಂಗಸರಿಗೂ ಒಲೆಯ ಮುಂದೆ ಮಾತ್ರ ಒಂದು ಸಣ್ಣ ಅಧಿಕಾರವಿತ್ತು. ಆ ಅಧಿಕಾರದಿಂದಲೇ ಅವರು ಕೊಡುತ್ತಿದ್ದರು. ನಮ್ಮ ಮನೆಯ ಡಬ್ಬ ಬಿಸ್ಕತ್ತಿನದು. ಅದರ ಮೇಲಿನ ಚಿತ್ರ ಸವೆದು, ಒಂದು ಕುದುರೆಯ ಕಾಲು ಮಾತ್ರ ಉಳಿದಿತ್ತು.

1966ನೆಯ ಇಸವಿ. ನಾನಾಗ ಏಳನೆಯ ತರಗತಿ. ಮೇಲಿಂದ ಮೇಲೆ ಎರಡು ವರ್ಷ ದೇಶದಲ್ಲಿ ಮಳೆ ಕೈಕೊಟ್ಟಿತ್ತು. ಅಮೆರಿಕದ ಗೋಧಿ ಹಡಗಿನಲ್ಲಿ ಬರುತ್ತಿದ್ದ ಕಾಲ. ಅದರ ಹಿಂದಿನ ವರ್ಷವಷ್ಟೇ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡಿದ್ದರು. ಆ ಜೂನ್ ತಿಂಗಳಲ್ಲಿ ರೂಪಾಯಿಯ ಅಪಮೌಲ್ಯವೂ ಆಯಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತೆಂದು ಮೇಷ್ಟ್ರು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದರು. ನಮಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಇಷ್ಟೇ: ಅಪ್ಪ ದುಡಿಯುತ್ತಿದ್ದ ಹಂಚಿನ ಕಾರ್ಖಾನೆಗೆ ಕೂಲಿಯ ತಕರಾರಿನಿಂದ ಬೀಗ ಬಿತ್ತು.

ಹಂಚಿನ ಕಾರ್ಖಾನೆ ಎಂದರೆ ನಮ್ಮವರಿಗೆ ಬರಿಯ ಕೆಲಸದ ಜಾಗವಲ್ಲ. ಕ್ರೈಸ್ತರಾದವರು ಮನೆ, ಜಾತಿ, ಕಸುಬು ಮೂರನ್ನೂ ಕಳೆದುಕೊಂಡು ಬೀದಿಗೆ ಬಿದ್ದಾಗ ಅವರಿಗೆ ಜೀವನೋಪಾಯ ಬೇಕೆಂದು ಬಾಸೆಲ್ ಮಿಷನ್ನಿನವರು ಮೊದಲು ನೇಯ್ಗೆ, ಆಮೇಲೆ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಪ್ಪ ದುಡಿಯುತ್ತಿದ್ದುದು ಬೇರೆ ಖಾಸಗಿಯವರಲ್ಲಿ. ಆದರೂ ಆವೆಮಣ್ಣು ತುಳಿಯುವುದು, ಹಂಚು ಒತ್ತುವುದು ನಮ್ಮ ಕುಟುಂಬಕ್ಕೆ ಮೂರು ತಲೆಮಾರಿನ ಅನ್ನವಾಗಿತ್ತು. ಬೀಗ ಬಿದ್ದ ದಿನ ಅಪ್ಪ ಮನೆಗೆ ಬಂದು, ಕೆಂಪು ಮಣ್ಣು ಹತ್ತಿದ ಪಂಚೆಯನ್ನು ಒಗೆಯಲು ಹಾಕದೆ ಹಾಗೆಯೇ ಮಡಚಿ ಇಟ್ಟದ್ದು ನನಗೆ ನೆನಪಿದೆ.

ಎರಡು ತಿಂಗಳಾಗುವಷ್ಟರಲ್ಲಿ ಗಂಜಿ ತೆಳುವಾಯಿತು. ಆಮೇಲೆ ತಿಳಿಯೇ ಹೆಚ್ಚಾಯಿತು. ಅಮ್ಮ ಮಾತ್ರ ಹಿಡಿಯಕ್ಕಿ ನಿಲ್ಲಿಸಲಿಲ್ಲ. ನನಗೆ ಸಿಟ್ಟು. ಒಂದು ದಿನ ಕೇಳಿಯೇ ಬಿಟ್ಟೆ: "ನಮಗೇ ಇಲ್ಲ, ಯಾರಿಗಮ್ಮಾ ಇದು?" ಅಪ್ಪ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದರು, ಏನೂ ಹೇಳಲಿಲ್ಲ. ಅಮ್ಮ ಒಂದು ಕ್ಷಣ ಯೋಚಿಸಿ, "ಇವತ್ತಿನಿಂದ ನೀನೇ ತೆಗೆ ಮಗಾ" ಎಂದರು. (ಮನೆಯಲ್ಲಿ ನಮ್ಮದು ತುಳು; ಕನ್ನಡ ದೇವಾಲಯದ ಭಾಷೆ. ಮಾತುಗಳನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.) ನನ್ನ ಹಿಡಿ ಅಮ್ಮನ ಹಿಡಿಯ ಅರ್ಧವೂ ಇರಲಿಲ್ಲ. ಇನ್ನೂ ಮೂರು ವಾರ ಕಳೆದ ಮೇಲೆ ಆ ಕೆಲಸ ನನ್ನಿಂದ ನನ್ನ ತಂಗಿಗೆ ಹೋಯಿತು. ಅವಳಿಗಾಗ ಮೂರು ವರ್ಷ; ಅವಳ ಮುಷ್ಟಿಯಲ್ಲಿ ಹಿಡಿಸುತ್ತಿದ್ದುದು ಇಪ್ಪತ್ತು-ಮೂವತ್ತು ಕಾಳು. ಅದರಲ್ಲಿಯೂ ಅರ್ಧ ನೆಲಕ್ಕೆ ಬೀಳುತ್ತಿತ್ತು. ಅಮ್ಮ ಅದನ್ನು ಹೆಕ್ಕಿ ಮಡಕೆಗೆ ಹಾಕುತ್ತಿದ್ದರೇ ಹೊರತು ಡಬ್ಬಕ್ಕಲ್ಲ. ಈ ಲೆಕ್ಕಾಚಾರದ ಜಾಣತನ ನನಗೆ ಹೊಳೆದದ್ದು ನಾನೇ ತಂದೆಯಾದ ಮೇಲೆ.

ಆಟಿ ತಿಂಗಳ ಒಂದು ಸಂಜೆ, ಜಡಿಮಳೆಯಲ್ಲಿ, ಸ್ತ್ರೀ ಸಂಘದ ಇಬ್ಬರು ಹೆಂಗಸರು ಹಿತ್ತಲ ಬಾಗಿಲಿಗೆ ಬಂದರು. ಹಿರಿಯಾಕೆ ಕೊಡೆ ಮಡಚುತ್ತ, "ಡಬ್ಬ ಎಲ್ಲಿದೆ? ಈ ಸಲ ಬರುವುದು ತಡವಾಯಿತು" ಎಂದರು. ಅಮ್ಮ ಡಬ್ಬ ತಂದರು. ಒಂದು ಪಾವು ಅಕ್ಕಿಯೂ ಇರಲಿಲ್ಲ. ಆಕೆ ಮುಖದಲ್ಲಿ ಏನೂ ತೋರಿಸದೆ, ಅದನ್ನು ತನ್ನ ಚೀಲಕ್ಕೆ ಸುರಿದುಕೊಂಡು, ತಳಕ್ಕೆ ಎರಡು ಸಲ ತಟ್ಟಿ, ಪುಸ್ತಕದಲ್ಲಿ ನಮ್ಮ ಮನೆಯ ಹೆಸರಿನ ಮುಂದೆ ಗುರುತು ಹಾಕಿದರು. ಹೊರಡುವಾಗ ಇನ್ನೊಂದು ಬಟ್ಟೆಯ ಚೀಲವನ್ನು ಒಲೆಯ ಬದಿಗೆ ಇರಿಸಿ, "ಇದು ಇಲ್ಲಿರಲಿ, ಮಳೆಯಲ್ಲಿ ಹೊತ್ತುಕೊಂಡು ಹೋಗಲು ಆಗುವುದಿಲ್ಲ" ಎಂದು ಹೋದರು. ಅದರಲ್ಲಿ ಎಂಟು ಸೇರು ಕುಚ್ಚಲಕ್ಕಿ, ಒಣಮೀನಿನ ಒಂದು ಪೊಟ್ಟಣ.

ನನಗೆ ಗಣಿತ ಚೆನ್ನಾಗಿ ಬರುತ್ತಿತ್ತು. ಎಂಟು ಸೇರು ಕೊಡುವವರು ಒಂದು ಪಾವನ್ನು ಏಕೆ ಒಯ್ಯಬೇಕು? ಕೇಳಿದಾಗ ಅಮ್ಮ ಹೇಳಿದರು: "ಅವರು ಅದನ್ನು ಒಯ್ದದ್ದರಿಂದ ನಾನು ಇದನ್ನು ಇಟ್ಟುಕೊಂಡೆ." ಮರುದಿನ ಆ ಚೀಲದ ಅಕ್ಕಿ ಅಳೆಯುವಾಗ ತಂಗಿಯನ್ನು ಕರೆದು, ಅದರಿಂದಲೂ ಒಂದು ಮುಷ್ಟಿ ತೆಗೆಸಿದರು.

ಈ ಹಿಡಿಯಕ್ಕಿ ನಮ್ಮ ಕರಾವಳಿಯ ಸಂಪ್ರದಾಯವೆಂದೇ ಬಹುಕಾಲ ನಂಬಿದ್ದೆ. ಐಜಾಲಿನಲ್ಲಿ ಬ್ಯಾಂಕಿನ ಉದ್ಯೋಗದಲ್ಲಿದ್ದ ನನ್ನ ವಿದ್ಯಾರ್ಥಿಯೊಬ್ಬ ಅದನ್ನು ತಿದ್ದಿದ. ಮಿಜೋರಮ್‌ನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ 1910ರಿಂದ ಇದು ನಡೆದುಬಂದಿದೆ; ಅಲ್ಲಿ ಅದಕ್ಕೆ 'ಬುಹ್ಫಾಯ್ ಥಾಮ್' ಎಂದು ಹೆಸರು. ಆರಂಭವಾದ ಮರುವರ್ಷವೇ, 1911-12ರಲ್ಲಿ, ಬಿದಿರು ಹೂಬಿಟ್ಟು, ಇಲಿಗಳು ಹೆಚ್ಚಿ, ಹೊಲದ ಧಾನ್ಯವನ್ನೆಲ್ಲ ತಿಂದು ಅಲ್ಲಿ ಘೋರ ಕ್ಷಾಮ ಬಂದಿತು. ಹೊಸ ಅಭ್ಯಾಸವೊಂದನ್ನು ಕೈಬಿಡಲು ಅದಕ್ಕಿಂತ ಒಳ್ಳೆಯ ನೆಪ ಸಿಕ್ಕುವುದಿಲ್ಲ. ಆದರೆ ಅವರು ಕೈಬಿಡಲಿಲ್ಲ. ಆ ಗುಡ್ಡಗಳ ಹೆಂಗಸರೂ ಎಳೆಯ ಮಕ್ಕಳ ಮುಷ್ಟಿಯಿಂದ ಅಳೆಸಿದ್ದರೇ ಎಂದು ಕೇಳುವ ಆಸೆ ನನಗೆ.

ಇನ್ನು ನನ್ನದೇ ಒಂದು ತಪ್ಪನ್ನು ಬರೆಯಬೇಕು. 2020ರ ಲಾಕ್‌ಡೌನಿನಲ್ಲಿ ನನಗೆ ಯಾವ ತೊಂದರೆಯೂ ಇರಲಿಲ್ಲ. ಪಿಂಚಣಿ ತಿಂಗಳು ತಪ್ಪದೆ ಬರುತ್ತಿತ್ತು. ನಾನಿದ್ದ ಒಂದು ಸಮಿತಿಯವರು ದಿನಸಿಯ ಚೀಲಗಳನ್ನು ಹಂಚಿದೆವು. ನಾನೂ ಹಣ ಕೊಟ್ಟಿದ್ದೆ, ಧಾರಾಳವಾಗಿಯೇ. ಪಡೆಯುವವರು ಚೀಲ ಹಿಡಿದು ನಿಂತಾಗ ಫೋಟೋ ತೆಗೆಯಬೇಕೆಂದು ಒಬ್ಬರು ಸೂಚಿಸಿದರು, ದಾನಿಗಳಿಗೆ ಲೆಕ್ಕ ತೋರಿಸಲು. ನನಗೆ ಒಪ್ಪಿಗೆಯಿರಲಿಲ್ಲ, ಆದರೂ ಸುಮ್ಮನಿದ್ದೆ. ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ, ರಿಕ್ಷಾ ಓಡಿಸುವವನು. ಫೋನು ಎತ್ತಿದ್ದನ್ನು ಕಂಡು, ನನ್ನನ್ನೂ ಕಂಡು, "ಮನೆಯಲ್ಲಿ ಇನ್ನೂ ಇದೆ ಸರ್" ಎಂದು ಸಾಲು ಬಿಟ್ಟು ಹೋದ. ಇರಲಿಲ್ಲವೆಂದು ನನಗೆ ಗೊತ್ತಿತ್ತು. ಸಂಜೆ ನಾನೇ ಅವನ ಮನೆಗೆ ಚೀಲ ಒಯ್ದೆ. ಅವನು ಬಾಗಿಲಲ್ಲಿಯೇ ನಿಂತು, ನಗುತ್ತ, ಬೇಡವೆಂದ. ಅವನಿಂದ ಪಡೆದುಕೊಳ್ಳಲು ನಾನು ಏನನ್ನೂ ಕೇಳಿರಲಿಲ್ಲ. ಅಮ್ಮನ ಹಿತ್ತಲ ಬಾಗಿಲಿಗೆ ಬಂದ ಆ ಹೆಂಗಸಿಗೆ ಇದ್ದ ಬುದ್ಧಿ ನನಗಿರಲಿಲ್ಲ.

ಬೋಧಕರ ಮಾತಿಗೆ ಬರುತ್ತೇನೆ. ಎರಡು ಕಾಸು ಹಾಕಿದ ಬಡ ವಿಧವೆಯ ಕಥೆಯನ್ನು ಕಾಣಿಕೆಯ ಸಮಯದಲ್ಲಿ ಎಲ್ಲರೂ ಹೇಳುತ್ತಾರೆ. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಅದರ ಹಿಂದೆಯೇ ಏನಿದೆಯೆಂದು ಓದುವವರು ಕಡಮೆ: ಉದ್ದುದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸುಸ್ವಾಮಿ ಖಂಡಿಸಿ, ಆ ಮೇಲೆಯೇ ಕಾಣಿಕೆಯ ಪೆಟ್ಟಿಗೆಯ ಎದುರು ಕುಳಿತದ್ದು. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯವೂ ಹಾಗೆಯೇ. ಕಡುಬಡತನದಲ್ಲಿಯೂ ಶಕ್ತಿಮೀರಿ ಕೊಟ್ಟ ಮಕೆದೋನ್ಯದವರನ್ನು ಅವನು ಹೊಗಳುತ್ತಾನೆ, ನಿಜ. ಅದೇ ಅಧ್ಯಾಯದಲ್ಲಿ, ಇಲ್ಲದ್ದನ್ನು ಯಾರೂ ಕೊಡಬೇಕಾಗಿಲ್ಲ, ಬೇರೆಯವರಿಗೆ ಸುಖವಾಗಲೆಂದು ನಿಮಗೆ ಕಷ್ಟವಾಗಬಾರದು, ಇಂದು ನಿಮ್ಮ ಸಮೃದ್ಧಿ ಅವರ ಕೊರತೆಗೆ, ನಾಳೆ ಅವರದು ನಿಮ್ಮ ಕೊರತೆಗೆ ಎನ್ನುವ ಅರ್ಥದ ಮಾತುಗಳನ್ನೂ ಬರೆಯುತ್ತಾನೆ. ಎರಡರಷ್ಟು ಹಿಂದಿರುಗುವ ಬಡ್ಡಿಯ ಲೆಕ್ಕ ಅಲ್ಲಿ ನನಗೆ ಕಾಣಲಿಲ್ಲ. ಅಪ್ಪನ ಕಾರ್ಖಾನೆ ತೆರೆದದ್ದೂ ಅಮ್ಮನ ಅಕ್ಕಿಯ ದೆಸೆಯಿಂದಲ್ಲ; ಕೂಲಿಯ ಒಪ್ಪಂದವಾದ ಮೇಲೆ ತೆರೆಯಿತು, ಅದೂ ಐದು ತಿಂಗಳ ನಂತರ, ಅಪ್ಪನ ಜೊತೆಯವರಲ್ಲಿ ಕೆಲವರನ್ನು ಹೊರಗಿಟ್ಟು.

ಆದ್ದರಿಂದ, ಅಮ್ಮಾ, ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ತಿಂಗಳು ಮೊದಲು ಮಕ್ಕಳ ಶುಲ್ಕ ಕಟ್ಟು. ದಶಮಾಂಶದ ಲೆಕ್ಕ ಬಿಡು. ನಿನ್ನ ಕಿರಿಯ ಮಗನ ಕೈಯಲ್ಲಿ ಹಿಡಿಸುವಷ್ಟು ಚಿಲ್ಲರೆಯನ್ನು ಭಾನುವಾರ ಅವನಿಂದಲೇ ಹಾಕಿಸು. ನಿಮ್ಮ ಸಭಾಪಾಲಕರನ್ನು ಕಂಡು, ಮನೆಯ ಸ್ಥಿತಿ ಹೀಗಿದೆಯೆಂದು ಹೇಳು. ಸಂಕೋಚವಾದರೆ ನಾನು ಮಾತನಾಡುತ್ತೇನೆ. ಅತ್ತೆಯವರ ಔಷಧಿಯ ಚೀಟಿಯನ್ನು ನನಗೆ ಕಳುಹಿಸು. ಅದಕ್ಕೆ ಪ್ರತಿಯಾಗಿ ಒಂದು ಕೆಲಸ ಆಗಬೇಕು: ಹತ್ತನೆಯ ತರಗತಿಯ ನನ್ನ ಮೊಮ್ಮಗಳಿಗೆ ಬೀಜಗಣಿತ ತಲೆಗೆ ಹತ್ತುತ್ತಿಲ್ಲ, ನನಗೆ ಕಣ್ಣು ಮಂಜು. ವಾರಕ್ಕೆ ಎರಡು ಸಂಜೆ ಫೋನಿನಲ್ಲಿ ಹೇಳಿಕೊಡಲು ನಿನಗೆ ಬಿಡುವಾದೀತೇ?