ಹನಿಯ ಮೂಲ

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಏನನ್ನಾದರೂ ಬರೆದು ಕಳುಹಿಸಬೇಕೆಂದು ಪತ್ರ ಬಂದಾಗ, ಬರೆಯತಕ್ಕಂಥ ದೊಡ್ಡ ಸಂಗತಿ ನಮ್ಮಲ್ಲಿ ಏನಿದೆ ಎಂದು ನಾವು ಅಕ್ಕತಂಗಿಯರಿಬ್ಬರೂ ಆಲೋಚಿಸಿದೆವು. ಕಡೆಗೆ, ಕಳೆದ ಬೇಸಿಗೆಯಲ್ಲಿ ನಮ್ಮ ಕಾರಿನ ಕೆಳಗೆ ಕಂಡ ಒಂದು ಕಲೆಯ ವೃತ್ತಾಂತವನ್ನೇ ಬರೆಯುವದು ಯುಕ್ತವೆಂದು ತೋರಿತು. ಯಾಕಂದರೆ ಅದನ್ನು ಬಗೆಹರಿಸಿದ್ದು ಇದೇ ಶಾಲೆಯಲ್ಲಿ ಕಲಿತ ಪಾಠವು.

ಆ ಕಾರು ದಿವಂಗತರಾದ ನಮ್ಮ ತಂದೆಯವರದು. ಹಳೆಯದಾದಾಗ್ಯೂ ಅದನ್ನು ಮಾರಲು ತಾಯಿಯವರಿಗೆ ಮನಸ್ಸಿಲ್ಲ. ಅವರನ್ನು ಮಂಗಳೂರಿನಿಂದ ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರಕ್ಕೆ, ಬಂಧುಗಳ ಮನೆಗೆ, ಅದರಲ್ಲಿಯೇ ಕರೆದೊಯ್ಯಬೇಕೆಂದು ಗೊತ್ತುಮಾಡಿದ್ದೆವು. ಹೊರಡಲು ಎಂಟು ದಿನವಿರುವಾಗ, ಒಂದು ಬೆಳಿಗ್ಗೆ ಕಾರಿನಡಿಯ ನೆಲವು ಒದ್ದೆಯಾಗಿತ್ತು.

ನೆರೆಯವರು, "ಸೆಕೆಗಾಲದಲ್ಲಿ ಏಸಿಯ ನೀರು ಬೀಳುವದು ಸಹಜ" ಅಂದರು. ರಿಪೇರಿಯವನು ಇಂಜಿನಿನ ಅಡಿಯಲ್ಲಿ ತೂಗುತ್ತಿದ್ದ ಕರಿಯ ಹನಿಯನ್ನು ತೋರಿಸಿ, ಅಲ್ಲಿನ ಬಿರಟೆಯನ್ನು ಬಿಗಿದು, ಹಣ ತೆಗೆದುಕೊಂಡು ಹೋದನು. ಮರುದಿನ ಕಲೆಯು ಪುನಃ ಕಂಡಿತು.

ಆಗ ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರ ನೆನಪಾಯಿತು. "ಮೊದಲು ನೋಡಿರಿ, ಆಮೇಲೆ ಹೇಳಿರಿ" ಎಂಬುದು ಅವರ ನಿತ್ಯದ ಮಾತು. ನಾವು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬಿಳಿಯ ಮಗ್ಗುಲು ಮೇಲಾಗುವಂತೆ ಕಾರಿನಡಿಯಲ್ಲಿ ಹಾಸಿ, ಚಕ್ರಗಳ ಸ್ಥಾನವನ್ನು ಗುರುತಿಸಿ, ರಾತ್ರಿಯೆಲ್ಲಾ ಬಿಟ್ಟೆವು.

ಬೆಳಗಾಗಲು ಮೂರು ಗುರುತುಗಳಿದ್ದವು! ಮುಂಭಾಗದ ಎಡಗಡೆಯಲ್ಲಿ ಕಾಗದವು ಸುಕ್ಕಾಗಿತ್ತು, ಬಣ್ಣವಿಲ್ಲ, ಜಿಡ್ಡಿಲ್ಲ. ಅದು ಏಸಿಯ ನೀರೇ ಸರಿ. ಇಂಜಿನಿನ ಕೆಳಗೆ ಕಂದು ಬಣ್ಣದ ಚುಕ್ಕೆ. ಮೂರನೆಯದು ಹಿಂದಿನ ಎಡಚಕ್ರದ ಒಳಮಗ್ಗುಲಲ್ಲಿ, ತೆಳು ಹಳದಿಯಾಗಿ, ಬೆರಳಿಗೆ ಬಹಳ ಜಾರುವಂಥಾದ್ದು. ಮರುರಾತ್ರಿ ಕಡೆಯ ಎರಡು ಸ್ಥಳಗಳಲ್ಲಿ ಬಸಿಗಳನ್ನಿಟ್ಟು, ಹಿಡಿದ ಹನಿಗಳನ್ನು ಬೇರೆ ಬೇರೆ ಗಾಜಿನ ಲೋಟಗಳ ನೀರಿಗೆ ಹಾಕಿದೆವು. ಕಂದು ಹನಿಯು ಎಣ್ಣೆಯಾದ ಕಾರಣ ತೇಲಿತು. ಹಳದಿಯ ಹನಿಯು ನೀರಿನೊಡನೆ ಬೆರೆತು ಮಾಯವಾಯಿತು. ಸಾಮಾನ್ಯವಾದ ಬ್ರೇಕ್ ದ್ರವದ ಗುಣವು ಇದೇ. ಕೂಡಲೆ ಬಾನೆಟ್ ತೆರೆದು ಅದರ ಸಣ್ಣ ಡಬ್ಬಿಯನ್ನು ನೋಡಲು, ದ್ರವವು ಕೆಳಗಿನ ಗೆರೆಗಿಂತಲೂ ಇಳಿದಿತ್ತು.

ನಮ್ಮ ಎದೆ ನಡುಗಿತು. ಕಾಲಿನ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವದು ಆ ದ್ರವವೇ. ಅದು ಸೋರಿ ಕೊಳವೆಗೆ ಗಾಳಿ ಹೊಕ್ಕರೆ, ಗಾಳಿಯು ಒತ್ತಿದಷ್ಟೂ ಕುಗ್ಗುವದರಿಂದ, ಪೆಡಲು ಸುಮ್ಮನೆ ಕೆಳಗಿಳಿದೀತು. ಘಾಟಿಯ ತಿರುವಿನಲ್ಲಿ ಹಾಗಾಗಿದ್ದರೆ!

ಕಾರನ್ನು ಅಲ್ಲಿಂದ ಕದಲಿಸದೆ, ಬೇರೊಬ್ಬ ಮೆಕ್ಯಾನಿಕನನ್ನು ಮನೆಗೇ ಕರೆಯಿಸಿದೆವು. ಅವನು ಚಕ್ರವನ್ನೂ ಡ್ರಮ್ಮನ್ನೂ ಕಳಚಲು, ಒಳಗಿನ ಸಿಲಿಂಡರಿನ ರಬ್ಬರು ಸವೆದು, ಬ್ರೇಕ್ ಶೂಗಳು ತೊಯ್ದಿದ್ದವು. ಸಿಲಿಂಡರನ್ನೂ ಎರಡೂ ಪಕ್ಕದ ಶೂಗಳನ್ನೂ ಬದಲಿಸಿ, ಕೊಳವೆಯೊಳಗಿನ ಗಾಳಿಯನ್ನು ಹೊರಡಿಸಿ, ಹೊಸ ದ್ರವವನ್ನು ತುಂಬಿದನು.

ತರುವಾಯ ಇಂಜಿನನ್ನು ಒರೆಸಿ ಶುದ್ಧಮಾಡಿ, ಸ್ವಲ್ಪ ದೂರ ಓಡಿಸಿ ತಂದು, ದೀಪ ಹಿಡಿದು ನಮಗೂ ತೋರಿಸಿದನು. ಎಣ್ಣೆಯು ಹೊರಟದ್ದು ಎಲ್ಲಕ್ಕಿಂತ ಮೇಲಿನ ಮುಚ್ಚಳದ ಗ್ಯಾಸ್ಕೆಟ್ಟಿನಿಂದ! ಅಲ್ಲಿಂದ ಅದು ಗೋಡೆಗುಂಟ ಹರಿದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ಕಡೆಗೆ ಬಿರಟೆಯಿಂದ ತೊಟ್ಟಿಕ್ಕುತ್ತಿತ್ತು. ಹನಿ ಬಿದ್ದ ಸ್ಥಳವು ಅದು ಹುಟ್ಟಿದ ಸ್ಥಳವಲ್ಲ; ಒದ್ದೆಯಾದ ಭಾಗಗಳಲ್ಲಿ ಅತ್ಯಂತ ಮೇಲಿನದನ್ನೂ ಮುಂದಿನದನ್ನೂ ಹುಡುಕಬೇಕೆಂದು ಅಂದು ಕಲಿತೆವು.

ಸಹೋದರಿಯರೇ, ನೆರೆಯವರು ಸುಳ್ಳಾಡಲಿಲ್ಲ, ಮೊದಲಿನ ರಿಪೇರಿಯವನು ತೋರಿಸಿದ ಹನಿಯೂ ಸುಳ್ಳಲ್ಲ. ಒಂದು ಕಾರಣ ಸಿಕ್ಕಿದೊಡನೆ ಹುಡುಕುವದನ್ನು ಬಿಟ್ಟದ್ದೇ ಅವರ ತಪ್ಪು. ನಾವೂ ಅಷ್ಟಕ್ಕೇ ತೃಪ್ತರಾಗಿದ್ದರೆ ಏನಾಗುತ್ತಿತ್ತೋ!

ಗೊತ್ತಾದ ದಿವಸವೇ ನಾವು ಹೊರಟೆವು. ಮರಳಿ ಘಾಟಿಯನ್ನು ಇಳಿಯುವಾಗ ತಾಯಿಯವರು ಹಿಂದಿನ ಆಸನದಲ್ಲಿ ಸುಖವಾಗಿ ನಿದ್ರಿಸುತ್ತಿದ್ದರು.