ಆಕ್ಸಿಲೇಟರ್ ವೈರು, ಪೆಟ್ರೋಲ್ ಪೈಪು

ಮೋಟಾರ್ ಸೈಕಲ್ ನಿಂತಿತೆಂದರೆ ಎಂಜಿನ್ನೇ ಹೋಯಿತೆಂದು ಹೆಚ್ಚಿನವರು ಗಾಬರಿಯಾಗುತ್ತಾರೆ. ಆದರೆ ಸವಾರನನ್ನು ಮಾಗಡಿ ರಸ್ತೆಯ ನಡುವೆ ನಿಲ್ಲಿಸುವುದು ಎಷ್ಟೋ ಸಲ ಎರಡು ಅಗ್ಗದ ಸಾಮಾನುಗಳು. ಒಂದು, ಬಲಗೈ ಹಿಡಿಕೆಯಿಂದ ಕಾರ್ಬೊರೇಟರ್‌ವರೆಗೆ ಹೋಗುವ ಆಕ್ಸಿಲೇಟರ್ ವೈರು. ಇನ್ನೊಂದು, ಟ್ಯಾಂಕಿನಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಇಳಿಸುವ ಗೇಣುದ್ದದ ರಬ್ಬರ್ ಪೈಪು. ಹೊಸಹಳ್ಳಿಯ ನಮ್ಮ ಮನೆಯಲ್ಲಿ ಇವೆರಡಕ್ಕಾಗಿ ಗ್ಯಾರೇಜಿಗೆ ಹೋಗುವ ಪದ್ಧತಿ ಇಲ್ಲ. ಅಬ್ಬಾ ಅವರ ಕಾಲದಿಂದಲೂ ನಾವೇ ಬದಲಿಸಿಕೊಳ್ಳುತ್ತ ಬಂದಿದ್ದೇವೆ.

ಗಾಡಿ ಯೆಜ್ಡಿ ರೋಡ್‌ಕಿಂಗ್. ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿಯೂ ಆಗುವ ವಿಚಿತ್ರ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಇರಾನಿ ಎಂಬ ಪಾರ್ಸಿ ಮನೆತನದವರು ಕಟ್ಟಿದ ಆ ಕಾರ್ಖಾನೆಯಿಂದ 1961ರಲ್ಲಿ ಜೆಕೊಸ್ಲೊವಾಕಿಯಾ ಮೂಲದ ಜಾವಾ ಗಾಡಿಗಳು ಹೊರಬರತೊಡಗಿದವು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು. ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರೆಂದು ಹೇಳುತ್ತಾರೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸಾಕಿದವರೆಲ್ಲ ಆಮೇಲೆ ಅರ್ಧ ಮೆಕ್ಯಾನಿಕ್ ಆಗಲೇಬೇಕಾಯಿತು. ಕಂಪೆನಿ ಹೋದ ಮೇಲೆ ಉಳಿದದ್ದು ಜೆ.ಸಿ. ರಸ್ತೆಯ ಅಂಗಡಿಗಳು ಮತ್ತು ಸ್ವಂತ ಕೈ.

ವೈರು ಒಮ್ಮೆಲೇ ತುಂಡಾಗುವುದಿಲ್ಲ. ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ್ದು ಅದು. ತುದಿಯಲ್ಲಿ ಕಾಳಿನಷ್ಟು ದಪ್ಪದ ಗುಂಡು ಇರುತ್ತದೆ, ಆ ಗುಂಡಿನ ಕತ್ತಿನ ಬಳಿ ಒಂದೊಂದೇ ಎಳೆ ಹರಿಯುತ್ತ ಬರುತ್ತದೆ. ಹಿಡಿಕೆ ತಿರುಗಿಸುವಾಗ ಕಟಕಟ ಎನ್ನುತ್ತದೆ, ಭಾರವಾಗುತ್ತದೆ. ಬಿಟ್ಟಾಗ ತಾನಾಗಿ ಹಿಂದಕ್ಕೆ ಬರದಿದ್ದರೆ ಅಂದು ಗಾಡಿ ಮುಟ್ಟಬಾರದು. ವೈರು ಹರಿದರೆ ಗಾಡಿ ನಿಂತೀತು, ಸಿಕ್ಕಿಕೊಂಡರೆ ಗಾಡಿ ನಿಲ್ಲುವುದೇ ಇಲ್ಲ. ಎರಡನೆಯದೇ ಹೆಚ್ಚು ಅಪಾಯ.

ಹೊಸ ವೈರನ್ನು ಟ್ಯಾಂಕಿನ ಕೆಳಗೆ ತೂರಿಸುವ ವಿದ್ಯೆ ನಮ್ಮ ಮನೆಗೆ ಬಂದದ್ದು ಅಮ್ಮಿಯಿಂದ. ಪೈಜಾಮದ ನಾಡಾ ಬದಲಿಸುವಾಗ ಅವರು ಹಳೆಯದನ್ನು ಪೂರ್ತಿ ಎಳೆದುಬಿಡುತ್ತಿರಲಿಲ್ಲ. ಅದರ ಬಾಲಕ್ಕೆ ಹೊಸದನ್ನು ಹೊಲಿದು ಎಳೆಯುತ್ತಿದ್ದರು. ಅಬ್ಬಾ ಅದನ್ನು ನೋಡಿಯೇ ಹಳೆಯ ವೈರಿನ ತುದಿಗೆ ದಾರ ಕಟ್ಟತೊಡಗಿದ್ದು. ಹಳೆಯದು ಹೊರಬಂದಾಗ ದಾರ ಅದರ ದಾರಿಯಲ್ಲೇ ಉಳಿಯುತ್ತದೆ, ಹೊಸದು ಅದೇ ದಾರಿ ಹಿಡಿಯುತ್ತದೆ. ಹಾಕುವ ಮೊದಲು ವೈರನ್ನು ಮೊಳೆಗೆ ನೇತುಹಾಕಿ, ಮೇಲಿನ ಬಾಯಿಗೆ ಪ್ಲಾಸ್ಟಿಕ್ ಹಾಳೆಯ ಆಲಿಕೆ ಕಟ್ಟಿ, ನಾಲ್ಕು ಹನಿ ಎಣ್ಣೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಳಗಿನ ತುದಿಯಲ್ಲಿ ಎಣ್ಣೆ ಜಿನುಗಿರುತ್ತದೆ. ಕಾರ್ಬೊರೇಟರ್ ಒಳಗಿನ ಸ್ಲೈಡಿಗೆ ಒಂದು ಗೀರು ಇದೆ. ಗೋಡೆಯ ಪಿನ್ನು ಆ ಗೀರಿನಲ್ಲೇ ಕೂರಬೇಕು, ಒತ್ತಾಯ ಕೂಡದು. ಜೋಡಿಸಿದ ಮೇಲೆ ಹಿಡಿಕೆಯಲ್ಲಿ ಎರಡು ಮೂರು ಮಿ.ಮೀ. ಸಡಿಲ ಬಿಡಬೇಕು. ಎಂಜಿನ್ ಓಡುತ್ತಿರುವಾಗ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಬೇಕು. ಸದ್ದು ಏರಿದರೆ ವೈರು ಎಲ್ಲೋ ಬಿಗಿದಿದೆ ಎಂದರ್ಥ.

ಉಳಿದದ್ದನ್ನೆಲ್ಲ ಕಲಿಸಿದವರು ಬೀದಿಯ ಕೊನೆಯಲ್ಲಿ ಗ್ಯಾರೇಜ್ ಇಟ್ಟಿದ್ದ ಉಸ್ತಾದರು. ಗಿರಾಕಿಗೆ ಕೆಲಸ ಕಲಿಸಿದರೆ ಹೊಟ್ಟೆಗೇನು ಎಂದು ಯಾರೋ ಕೇಳಿದ್ದಕ್ಕೆ, “ವೈರು ನೀವು ಹಾಕ್ಕೊಳ್ಳಿ ಸಾರ್, ಎಂಜಿನ್ ಬಿಚ್ಚೋಕೆ ನನ್ನ ಹತ್ರಾನೇ ಬರ್ತೀರಿ” ಎಂದು ನಕ್ಕಿದ್ದರು. ಅವರ ಶಾಗಿರ್ದ್ ಹುಡುಗರು ತಮ್ಮ ತಮ್ಮಲ್ಲಿ ದಖನಿಯಲ್ಲಿ ಮಾತಾಡುತ್ತಿದ್ದರು. ಗಿರಾಕಿ ಬಂದೊಡನೆ “ಕಾರ್ಬೊರೇಟರಲ್ಲಿ ಕಚರಾ ಬಂದೈತೆ ಸಾರ್” ಎಂದು ಕನ್ನಡಕ್ಕೆ ಹೊರಳುತ್ತಿದ್ದರು. ಪಾನಾ, ಪೇಚು, ಕಚರಾ ಎಲ್ಲ ಆ ಕನ್ನಡದೊಳಗೆ ಸಲೀಸಾಗಿ ಕೂತಿದ್ದವು. ಉರ್ದುವಿನಲ್ಲೂ ಕನ್ನಡದಲ್ಲೂ ಪಾಠ ಓದಿದ ನಮಗೆ ಎರಡು ಭಾಷೆಗಳು ಜಗಳವಿಲ್ಲದೆ ಒಂದೇ ಬೆಂಚಿನಲ್ಲಿ ಕೂರುವುದನ್ನು ತೋರಿಸಿದ್ದು ಆ ಗ್ಯಾರೇಜು. ನಮ್ಮ ಕಥೆಗಳ ಎಷ್ಟೋ ಸಂಭಾಷಣೆ ಅಲ್ಲಿಂದ ಎತ್ತಿಕೊಂಡದ್ದು.

ಮುಸ್ಲಿಮರಲ್ಲಿ ಸಂಬಳದ ಕೆಲಸಕ್ಕಿಂತ ಸ್ವಂತ ದುಡಿಮೆಯನ್ನೇ ನಂಬಿದವರು ಹೆಚ್ಚು ಎಂದು 2006ರ ಸಾಚಾರ್ ಸಮಿತಿಯ ವರದಿ ಹೇಳಿತ್ತು. ವಾಹನ ರಿಪೇರಿ ಅಂಥ ದುಡಿಮೆಗಳಲ್ಲಿ ಒಂದು. ವರದಿಗೆ ಮುಂಚೆಯೂ ಇದು ಬೀದಿಯಲ್ಲಿ ನಿಂತು ನೋಡಿದವರಿಗೆ ಗೊತ್ತಿತ್ತು. ಶಾಲೆ ಬಿಟ್ಟ ಹುಡುಗನಿಗೆ ಪ್ರಮಾಣಪತ್ರ ಕೇಳದೆ ಕೆಲಸ ಕಲಿಸುವ ಜಾಗ ಬೇರೆಲ್ಲಿತ್ತು?

ಪೈಪಿನ ಕಥೆ ಈಚೆಗೆ ಬದಲಾಗಿದೆ. ಮೊದಲೆಲ್ಲ ಅದು ಬಿಸಿಲಿಗೆ ಗಟ್ಟಿಯಾಗಿ, ಬಗ್ಗಿಸಿದರೆ ಸೀಳು ತೋರಿಸುತ್ತಿತ್ತು. ಈಗ ಕೆಲವು ಹಳೆಯ ಪೈಪುಗಳು ಒಳಗಿನಿಂದ ಉಬ್ಬುತ್ತಿವೆ, ಮೆತ್ತಗಾಗುತ್ತಿವೆ. ಕಾರಣ ಎಥನಾಲ್. 2023ರ ಫೆಬ್ರವರಿ 6ರಂದು ಇದೇ ಬೆಂಗಳೂರಿನಲ್ಲಿ ಪ್ರಧಾನಿಯವರು ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ ಆಯಿತು. ಕಬ್ಬಿನ ರೈತನಿಗೆ ನಾಲ್ಕು ಕಾಸು ಬರುವುದಾದರೆ ನಮ್ಮ ತಕರಾರಿಲ್ಲ. ಆದರೆ ಹಳೆಯ ಗಾಡಿಯ ರಬ್ಬರನ್ನು ಈ ಮಿಶ್ರಣಕ್ಕೆಂದು ಮಾಡಿದ್ದಲ್ಲ. ಎಥನಾಲ್ ನೀರನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಕಾರ್ಬೊರೇಟರಿನ ತಳದಲ್ಲಿ ನೀರು ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ.

ಆದ್ದರಿಂದ ಎಥನಾಲ್ ತಡೆಯುವ ಪೆಟ್ರೋಲ್ ಪೈಪನ್ನೇ ಕೇಳಿ ತರಬೇಕು. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪು ಚೆಂದ ಕಾಣುತ್ತದೆ, ಕೆಲವೇ ದಿನಗಳಲ್ಲಿ ಕಡ್ಡಿಯಾಗುತ್ತದೆ. ಎಂಜಿನ್ ಪೂರ್ತಿ ಆರಿರಬೇಕು, ಗಾಡಿ ಬಯಲಲ್ಲಿರಬೇಕು, ಒಲೆ ಬೀಡಿ ಹತ್ತಿರ ಸುಳಿಯಬಾರದು. ಟ್ಯಾಂಕಿನ ನಲ್ಲಿ ಮುಚ್ಚಿ, ಪೈಪಿನಲ್ಲಿ ಉಳಿದದ್ದನ್ನು ಡಬ್ಬಿಗೆ ಇಳಿಸಬೇಕು. ಹೊಸ ಪೈಪಿನ ತುದಿಯನ್ನು ಬಿಸಿನೀರಿಗೆ ಅದ್ದಿ ಒರೆಸಿಕೊಂಡರೆ ಸುಲಭವಾಗಿ ಏರುತ್ತದೆ. ಎರಡೂ ಕಡೆ ಕ್ಲಿಪ್ ಹಾಕಿ, ನಲ್ಲಿ ತೆರೆದು, ಹತ್ತು ನಿಮಿಷ ಹನಿಗಾಗಿ ಕಾಯಬೇಕು. ಬಿಸಿ ಎಂಜಿನ್ನಿನ ಮೇಲೆ ಬೀಳುವ ಆ ಒಂದು ಹನಿಗಾಗಿಯೇ ಇಷ್ಟೆಲ್ಲ ಜಾಗ್ರತೆ. ಪೈಪು ಸರಿಯಿದ್ದೂ ಪೆಟ್ರೋಲ್ ಇಳಿಯದಿದ್ದರೆ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ತೆರೆದೊಡನೆ ಇಳಿಯತೊಡಗಿದರೆ ಮುಚ್ಚಳದ ಗಾಳಿಕಿಂಡಿ ಕಟ್ಟಿದೆ, ಅಷ್ಟೇ.

ಇದೆಲ್ಲ ಕಾರ್ಬೊರೇಟರ್ ಗಾಡಿಗೆ ಮಾತ್ರ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಬಹುಪಾಲು ಹೊಸ ಗಾಡಿಗಳು ಫ್ಯೂಯೆಲ್ ಇಂಜೆಕ್ಷನ್ನಿಗೆ ತಿರುಗಿದವು. ಅವುಗಳ ಪೈಪಿನಲ್ಲಿ ಪೆಟ್ರೋಲ್ ಪಂಪಿನ ಒತ್ತಡದಲ್ಲಿ ಹರಿಯುತ್ತದೆ, ನಮ್ಮ ಅಂಗಳದ ವಿದ್ಯೆ ಅಲ್ಲಿ ನಡೆಯದು. 2022ರಲ್ಲಿ ಮರಳಿ ಬಂದ ಯೆಜ್ಡಿಯೂ ಇಂಜೆಕ್ಷನ್ ಗಾಡಿಯೇ.

ಉಸ್ತಾದರು ತೀರಿಕೊಂಡರು, ಗ್ಯಾರೇಜಿನ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅವರ ಮಗ ಬ್ಯಾಟರಿ ಸ್ಕೂಟರಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಾನೆ. ಅದಕ್ಕೆ ಪೆಟ್ರೋಲ್ ಪೈಪೂ ಇಲ್ಲ, ಕಾರ್ಬೊರೇಟರೂ ಇಲ್ಲ. ನಾವು ಯೆಜ್ಡಿ ಬಿಚ್ಚಿ ಕೂತದ್ದು ಕಂಡರೆ ಆರ್ಡರ್ ಬರುವವರೆಗೂ ಪಕ್ಕದಲ್ಲಿ ನಿಲ್ಲುತ್ತಾನೆ. ಯಾವ ನಂಬರಿನ ಪಾನಾ ಬೇಕೆಂದು ನಾವು ಬಾಯಿ ಬಿಡುವ ಮೊದಲೇ ಅದು ನಮ್ಮ ಕೈಯಲ್ಲಿರುತ್ತದೆ.