ಬಿಟ್ಟ ಅಂಚಿನ ಬೆಲೆ

ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ ಒಂದು ಶಿಲಾಶಾಸನವುಂಟು. ಸುಮಾರು ಕ್ರಿ. ಶ. 890ರದೆಂದು ವಿದ್ವಾಂಸರು ನಿರ್ಣಯಿಸಿರುವ ಈ ಹಳಗನ್ನಡ ಬರಹದಲ್ಲಿ ಬೆಂಗಳೂರಿನ ಕಾಳಗವೊಂದರ ಪ್ರಸ್ತಾಪವಿದ್ದು, ನಗರದ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನಗಳಷ್ಟು ಹಿಂದಿನದೆಂಬುದಕ್ಕೆ ಅದು ಸಾಕ್ಷಿಯಾಗಿ ನಿಂತಿದೆ. ಕಲ್ಲಿನ ಮೇಲಿರುವುದು ಕೆಲವೇ ಸಾಲುಗಳು. ಅವು ಹನ್ನೊಂದು ಶತಮಾನಗಳ ಮಳೆಬಿಸಿಲನ್ನು ತಾಳಿಕೊಂಡಿವೆ. ಅದೇ ಊರಿನ ನಿವೃತ್ತ ಕನ್ನಡ ಉಪಾಧ್ಯಾಯರೊಬ್ಬರ ಮನೆಯಲ್ಲಿ ಅಂಗೈಯಗಲದ ತಟ್ಟೆಯೊಂದರೊಳಗೆ ಹಿಡಿಸಲಾರದಷ್ಟನ್ನು ಹಿಡಿಸಲು ನಡೆದ ಪ್ರಯತ್ನವು ಆರು ವರ್ಷವೂ ನಿಲ್ಲಲಿಲ್ಲ. ಆ ಪ್ರಸಂಗವು ಚಿಕ್ಕದಾದರೂ ವಿಚಾರಯೋಗ್ಯವಾದುದು.

ಉಪಾಧ್ಯಾಯರ ಗುರುಗಳು ಗಮಕಿಗಳು. 1986ರ ಬೇಸಗೆಯಲ್ಲಿ ಅವರು ಕುಮಾರವ್ಯಾಸ ಭಾರತದ ಒಂದು ಸಂಧಿಯನ್ನು ವಾಚಿಸಿದಾಗ ಶಿಷ್ಯರು ಅದನ್ನು ತೊಂಬತ್ತು ನಿಮಿಷಗಳ ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡಿದ್ದರು. ವಾಚನವು ಮಂಗಳದೊಡನೆ ಮುಗಿಯುವಾಗ ಎಂಬತ್ತೇಳು ನಿಮಿಷಗಳಾಗಿದ್ದವು. ಗುರುಗಳು ಕಾಲವಾದ ಮೇಲೆ ಅವರ ಕಂಠವೆಂದು ಲೋಕದಲ್ಲಿ ಉಳಿದದ್ದು ಅದೊಂದೇ.

2003ರಲ್ಲಿ, ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗನು ತನ್ನ ಕಂಪ್ಯೂಟರಿಗೆ ಸಿ.ಡಿ. ಬರೆಯುವ ಯಂತ್ರವನ್ನು ಜೋಡಿಸಿಕೊಂಡನು. ಕ್ಯಾಸೆಟ್ಟು ಸವೆಯುತ್ತಿದೆಯೆಂಬ ಚಿಂತೆಯಲ್ಲಿದ್ದ ಹಿರಿಯರಿಗೆ ಅದು ವರವಾಗಿ ತೋರಿತು. ಆದರೆ ಮೊದಲ ಹೆಜ್ಜೆಯಲ್ಲಿಯೇ ತೊಡಕು. ಬರೆಯಬಲ್ಲ ಸಿ.ಡಿ.ಯ ಮೊದಲಿನ ಮಿತಿ 74 ನಿಮಿಷ. ಬಳಿಕ ಬಂದುದು 80 ನಿಮಿಷ. ಏಳು ನಿಮಿಷಗಳು ಹೊರಗುಳಿದವು.

“ತಾತ, ಎರಡು ಸಿ.ಡಿ. ಮಾಡೋಣ” ಎಂದನು ಹುಡುಗ.

“ಒಂದು ಸಂಧಿಯನ್ನು ಎರಡಾಗಿ ಸೀಳುವುದೇ? ಬೇಡಪ್ಪ. ಹೇಗಾದರೂ ಮಾಡಿ ಒಂದರಲ್ಲೇ ಹಿಡಿಸು” ಎಂದರು ಹಿರಿಯರು.

ಎಂಪಿ3 ವಿಧಾನದಲ್ಲಿ ಧ್ವನಿಯನ್ನು ಕುಗ್ಗಿಸಿದರೆ ಹತ್ತು ಗಂಟೆಗಳ ವಾಚನವೂ ಒಂದರಲ್ಲಿ ಅಡಗೀತೆಂದು ಮೊಮ್ಮಗ ಸೂಚಿಸಿದನು. ಕಿವಿಗೆ ಕೇಳದೆಂಬ ಅಂಶಗಳನ್ನು ಕಳೆಯುವ ಆ ವಿಧಾನವು ಗುರುಗಳ ಕಂಠದ ನಯವನ್ನು ಎಲ್ಲಿ ಕಳೆದೀತೋ ಎಂದು ಹಿರಿಯರು ಒಪ್ಪಲಿಲ್ಲ. ಕೊನೆಗೆ ಜಯನಗರದ ಅಂಗಡಿಯೊಂದರಲ್ಲಿ 90 ನಿಮಿಷಗಳ ಖಾಲಿ ಸಿ.ಡಿ. ದೊರೆಯಿತು. “ಎಲ್ಲ ಯಂತ್ರಗಳಲ್ಲೂ ಓಡುತ್ತೆ ಅಂತ ಹೇಳೋಕಾಗಲ್ಲ ಸಾರ್” ಎಂದು ಅಂಗಡಿಯವನು ಎಚ್ಚರಿಸಿದ್ದನು. ಆ ಮಾತು ಸಂತೋಷದ ಭರದಲ್ಲಿ ಕಿವಿಗೆ ಬೀಳಲಿಲ್ಲ.

ಈ ತಟ್ಟೆಯ ಒಳಗುಟ್ಟು ಹೀಗಿದೆ. ಹನ್ನೆರಡು ಸೆಂಟಿಮೀಟರು ವ್ಯಾಸದ ಸಿ.ಡಿ.ಯಲ್ಲಿ ಒಂದೇ ಒಂದು ಸಾಲು ಸುರುಳಿಯಾಗಿ ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಸುತ್ತಿನಿಂದ ಸುತ್ತಿಗೆ ಇರುವ ನಿಯತ ಅಂತರ 1.6 ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನೊಳಗೆ ಆರುನೂರಕ್ಕೂ ಹೆಚ್ಚು ಸುತ್ತುಗಳು. ಈ ಅಂತರವನ್ನು ಇನ್ನಷ್ಟು ಕಿರಿದುಗೊಳಿಸಿ, ಸಾಲನ್ನು ಒತ್ತೊತ್ತಾಗಿ ಕೂರಿಸಿಯೇ 90 ಹಾಗೂ 99 ನಿಮಿಷಗಳ ತಟ್ಟೆಗಳನ್ನು ಮಾಡಿದ್ದರು. ಸಾಮಾನ್ಯ ತಟ್ಟೆಯಲ್ಲಿಯೇ ಮುಕ್ತಾಯದ ಗುರುತಿಗೆಂದು ಬಿಟ್ಟಿರುವ ಅಂಚಿನ ಸ್ಥಳವನ್ನು ಆಕ್ರಮಿಸಿ ಬರೆಯುವ ಉಪಾಯವೂ ಇತ್ತು. 2003ರ ಸುಮಾರಿಗೆ ಪ್ಲೆಕ್ಸ್‌ಟರ್ ಕಂಪನಿಯ ಒಂದು ಯಂತ್ರವು ಗುರುತುಗಳ ಉದ್ದವನ್ನೇ ಕುಗ್ಗಿಸಿ, 700 ಮೆಗಾಬೈಟಿನ ತಟ್ಟೆಯಲ್ಲಿ ಸುಮಾರು ಒಂದು ಗಿಗಾಬೈಟನ್ನು ತುಂಬುತ್ತಿತ್ತು.

ಚಲನಚಿತ್ರದ ಸಿ.ಡಿ.ಗಳ ಮಾರ್ಗ ಬೇರೆ. ತಟ್ಟೆಯ ಪ್ರತಿಯೊಂದು ಖಂಡವೂ 2,352 ಬೈಟುಗಳದು. ಲಿಖಿತ ದತ್ತಾಂಶಕ್ಕೆ ಅದರಲ್ಲಿ 2,048 ಮಾತ್ರ ಸಲ್ಲುತ್ತವೆ. ಮಿಕ್ಕವುಗಳಲ್ಲಿ 276 ತಪ್ಪನ್ನು ತಿದ್ದುವುದಕ್ಕೆಂದೇ ಮೀಸಲು. ಚಿತ್ರದಲ್ಲಿ ಒಂದು ಚುಕ್ಕಿ ಕೆಟ್ಟರೆ ಕಣ್ಣು ಕ್ಷಮಿಸುತ್ತದೆಯೆಂಬ ಧೈರ್ಯದಿಂದ ಆ ಮೀಸಲನ್ನು ತೆಗೆದು, ಚಿತ್ರಕ್ಕೆ 2,324 ಬೈಟುಗಳನ್ನು ಕೊಟ್ಟರು. ಇದಕ್ಕೆ ತದ್ವಿರುದ್ಧವಾಗಿ, 2001-02ರ ವೇಳೆಗೆ ಯಮಹಾ ಕಂಪನಿಯವರು ಗುರುತುಗಳನ್ನು ಉದ್ದಮಾಡಿ, 74 ನಿಮಿಷಗಳ ತಟ್ಟೆಯಲ್ಲಿ 63 ನಿಮಿಷಗಳ ಸಂಗೀತವನ್ನಷ್ಟೇ ಬರೆಯುವ ವಿಧಾನವನ್ನು ತಂದರು. ಕಡಮೆ ಬರೆದರೆ ಓದುವ ಯಂತ್ರಕ್ಕೆ ಸ್ಪಷ್ಟವಾದೀತೆಂಬುದು ಅವರ ಅಭಿಪ್ರಾಯ. ಒಟ್ಟಿನಲ್ಲಿ ಹೆಚ್ಚಿನ ಸ್ಥಳವೆಂಬುದು ಎಲ್ಲಿಂದಲೋ ಬಂದುದಲ್ಲ. ಆಪತ್ಕಾಲಕ್ಕೆಂದು ಬಿಟ್ಟಿದ್ದ ಅವಕಾಶವನ್ನು ವೆಚ್ಚಮಾಡಿ ಪಡೆದುದು.

2009ರಲ್ಲಿ ಗಮಕಿಗಳ ಪುಣ್ಯಸ್ಮರಣೆಯ ದಿನ ಶಿಷ್ಯವೃಂದವೆಲ್ಲ ಸೇರಿತ್ತು. ಮನೆಯ ಕಂಪ್ಯೂಟರಿನಲ್ಲಿ ತೊಂದರೆಯಿಲ್ಲದೆ ನುಡಿಯುತ್ತಿದ್ದ ಸಿ.ಡಿ.ಯನ್ನು ಸಭಾಂಗಣದ ಯಂತ್ರಕ್ಕೆ ಹಾಕಿದರು. ಗುರುಗಳ ಕಂಠ ಸಭೆಯನ್ನು ತುಂಬಿತು. ಹಲವರ ಕಣ್ಣುಗಳು ಒದ್ದೆಯಾದವು. ಎಂಬತ್ತು ನಿಮಿಷ ಕಳೆದ ಸ್ವಲ್ಪ ಹೊತ್ತಿಗೆ ಪದ್ಯವೊಂದರ ನಡುವೆ ಧ್ವನಿ ತಡವರಿಸಿತು, ತುಂಡಾಯಿತು, ನಿಂತಿತು. ಕೈಬೆರಳು ತಾಗುವುದೂ ಗೀರು ಬೀಳುವುದೂ ತಟ್ಟೆಯ ಹೊರ ಅಂಚಿಗೇ. ಒತ್ತಿ ತುಂಬಿದ ಕೊನೆಯ ಭಾಗ ಇದ್ದುದೂ ಅಲ್ಲಿಯೇ. ಮಂಗಳಕ್ಕಾಗಿ ಕೈಮುಗಿದು ಕುಳಿತಿದ್ದ ಸಭೆ ಮಂಗಳವಿಲ್ಲದೆ ಎದ್ದಿತು.

ಆ ರಾತ್ರಿ ಉಪಾಧ್ಯಾಯರು ಟ್ರಂಕಿನ ತಳದಿಂದ ಹಳೆಯ ಕ್ಯಾಸೆಟ್ಟನ್ನು ತೆಗೆಸಿದರು. ಅದಿನ್ನೂ ಜೀವಂತವಾಗಿತ್ತು. ನಲವತ್ತನಾಲ್ಕನೆಯ ನಿಮಿಷಕ್ಕೆ ಟಕ್ಕೆಂದು ಸದ್ದಾಗಿ ಮೊದಲ ಮಗ್ಗುಲು ಮುಗಿದಾಗ ಅವರಿಗೆ ಮರೆತುಹೋದುದೊಂದು ನೆನಪಾಯಿತು. ಅಂದು ಗುರುಗಳು ಯಂತ್ರದ ಕಡೆ ಕಣ್ಣಿಟ್ಟೇ ವಾಚಿಸುತ್ತಿದ್ದರು. ಒಂದು ಮಗ್ಗುಲಿಗೆ ನಲವತ್ತೈದೇ ನಿಮಿಷವೆಂದು ತಿಳಿದು, ಕಥೆ ವಿಶ್ರಮಿಸುವ ತಾಣದಲ್ಲಿ ಪದ್ಯವನ್ನು ಮುಗಿಸಿ, ಒಂದು ಲೋಟ ನೀರು ಕುಡಿದು, “ಇನ್ನು ತಿರುಗಿಸಪ್ಪ” ಎಂದಿದ್ದರು. ಸೀಳಬಾರದೆಂದು ಶಿಷ್ಯರು ಹಟಹಿಡಿದ ಸಂಧಿಯನ್ನು ಗುರುಗಳೇ ಮಿತಿಯನ್ನರಿತು ಎರಡಾಗಿ ನಿಲ್ಲಿಸಿದ್ದರು!

ತಾಳೆಗರಿಯ ಲಿಪಿಕಾರರೂ ಇದನ್ನೇ ಬಲ್ಲವರಾಗಿದ್ದರು. ಗರಿಯ ಎರಡು ತುದಿಗಳಲ್ಲಿಯೂ ದಾರದ ರಂಧ್ರದ ಸುತ್ತಲೂ ಅವರು ಬರೆಯದೆ ಬಿಡುತ್ತಿದ್ದ ಸ್ಥಳವು ನೋಡುವವರಿಗೆ ವ್ಯರ್ಥವೆನಿಸೀತು. ಗರಿಯು ಮೊದಲು ಮುರಿಯುವುದು ತುದಿಯಲ್ಲಿ, ಸವೆಯುವುದು ರಂಧ್ರದಲ್ಲಿ. ಆ ಪೆಟ್ಟನ್ನು ಬರಿಯ ಅಂಚು ಉಂಡುದರಿಂದಲೇ ಎಷ್ಟೋ ಅಕ್ಷರಗಳು ಉಳಿದು ಬಂದಿವೆ.

ಮರುದಿನ ತಾತ ಮೊಮ್ಮಗ ಕೂಡಿ ಎರಡು ಸಾಮಾನ್ಯ ಸಿ.ಡಿ.ಗಳನ್ನು ಬರೆದರು, ಗುರುಗಳು ನೀರು ಕುಡಿದ ಜಾಗದಲ್ಲಿಯೇ ಮೊದಲನೆಯದನ್ನು ಮುಗಿಸಿದರು. ಕಾಲ ಮುಂದೆ ಸರಿದಿದೆ. ಈಗಿನ ಅನೇಕ ಕಂಪ್ಯೂಟರುಗಳಲ್ಲಿ ಸಿ.ಡಿ. ಇಡುವ ಬಾಗಿಲೇ ಇಲ್ಲ. ಕುಗ್ಗಿಸದ ಆ ಎಂಬತ್ತೇಳು ನಿಮಿಷಗಳು, ಎಂದರೆ ಸುಮಾರು 92 ಕೋಟಿ ಬೈಟುಗಳು, ಹೆಬ್ಬೆರಳಿನಷ್ಟರ ಸಾಧನದ ಮೂಲೆಯಲ್ಲಿ ಅಡಗುತ್ತವೆ. ಹಿರಿಯರು ಅವನ್ನು ಮೂರು ಕಡೆ ಪ್ರತಿಮಾಡಿ ಇರಿಸಿದ್ದಾರೆ, ಕ್ಯಾಸೆಟ್ಟನ್ನೂ ಬಿಸಾಡಿಲ್ಲ. ಪಾತ್ರೆಗಳು ಎಷ್ಟು ದೊಡ್ಡವಾದರೂ ಕಂಠದವರೆಗೆ ತುಂಬುವ ಆಸೆ ಅವುಗಳೊಡನೆಯೇ ಬೆಳೆಯುತ್ತದೆ. ಅಂಚನ್ನು ಬಿಡಲು ಕಲಿತವನ ಬರಹಕ್ಕಾದರೋ ಮಂಗಳವೂ ದಕ್ಕುತ್ತದೆ.